ಬಂಡೀಪುರದಲ್ಲಿ ಫೈರ್ ವಾಚರ್ ಆಗಿ ನನ್ನ ಮೊದಲ ಬೇಸಿಗೆ

ಫೈರ್ ವಾಚರ್, ಅಂದರೆ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದ ಹಾಗೆ ಕಾಯೋ ಅರಣ್ಯ ಇಲಾಖೆಯ ಹಂಗಾಮಿ ಕೆಲಸಗಾರ, ಅಂದ ಕೂಡಲೇ ಎಲ್ಲರೂ ಬೆಂಕಿ ಆರಿಸೋದರ ಬಗ್ಗೆಯೇ ಕೇಳುತ್ತಾರೆ. ನನ್ನ ಮೊದಲ ಸೀಸನ್ನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಬೆಂಕಿ ಬೀಳದ ಹಾಗೆ ನೋಡಿಕೊಳ್ಳೋದೇ ಆಗಿತ್ತು.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನಲ್ಲಿದೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಬಿದ್ದ ಬೆಂಕಿ 4,000 ಹೆಕ್ಟೇರ್‌ಗೂ ಹೆಚ್ಚು ಕಾಡು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಆ ಕರಿ ಬೆಟ್ಟ ನೋಡಿದ ಮೇಲೆ ಈ ಕೆಲಸಕ್ಕೆ ಸೇರಲೇಬೇಕು ಅನ್ನಿಸಿತು.

ಕೆಲಸ ಶುರುವಾಗೋದು ಚಳಿಯಲ್ಲೇ, ಬೆಂಕಿ ರೇಖೆಯಿಂದ, ಅಂದರೆ ಬೆಂಕಿ ದಾಟದ ಹಾಗೆ ಮೊದಲೇ ಖಾಲಿ ಮಾಡಿಡೋ ಪಟ್ಟಿಯಿಂದ. ರಸ್ತೆ, ಕಾಡುದಾರಿಗಳ ಎರಡೂ ಬದಿ ಹುಲ್ಲು, ಲಂಟಾನ ಸವರಿ ಒಣಗಲು ಬಿಡುತ್ತೇವೆ. ಆಮೇಲೆ ಗಾಳಿ ಇಲ್ಲದ ಹೊತ್ತು ನೋಡಿ ನಾವೇ ಬೆಂಕಿ ಕೊಟ್ಟು ಸುಡುತ್ತೇವೆ. ಬೆಳಗಿನ ಇಬ್ಬನಿ ಪೂರ್ತಿ ಆರುವ ಮೊದಲು ಸುಟ್ಟರೆ ಬೆಂಕಿ ಹೇಳಿದ ಮಾತು ಕೇಳುತ್ತದೆ. ಎರಡೂ ಕಡೆ ಹಸಿ ಸೊಪ್ಪು ಹಿಡಿದು ಜನ ನಿಂತಿರುತ್ತಾರೆ. ರೇಖೆ ದಾಟಿದ ಕಿಡಿಯನ್ನು ಅಲ್ಲೇ ಬಡಿದು ಹಾಕಬೇಕು.

ರೇಖೆ ಸುಟ್ಟರೆ ಮುಗೀತು ಅಂದುಕೊಳ್ಳಬೇಡಿ. ಜನವರಿ, ಫೆಬ್ರವರಿ ಪೂರ್ತಿ ಎಲೆ ಉದುರುತ್ತಲೇ ಇರುತ್ತದೆ. ಅದರಲ್ಲೂ ತೇಗದ ಎಲೆ ಒಂದೊಂದೂ ಊಟದೆಲೆಯಷ್ಟು ಅಗಲ. ಹೊತ್ತಿಕೊಂಡ ಎಲೆ ಗಾಳಿಗೆ ಎದ್ದು ರೇಖೆಯ ಆಚೆ ಹೋಗಿ ಬೀಳುತ್ತದೆ. ಅದಕ್ಕೇ ಗುಡಿಸಿದ್ದನ್ನೇ ಮತ್ತೆ ಗುಡಿಸಬೇಕು. ಬೇಜಾರಿನ ಕೆಲಸ ಅನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಬೆಂಕಿ ನಿಲ್ಲೋದಾದರೆ ಆ ರೇಖೆಯಲ್ಲೇ ನಿಲ್ಲಬೇಕು, ಅಲ್ವಾ?

ನಮ್ಮ ತಂಡದ ಹಿರಿಯರು ಜೇನುಕುರುಬರ ಹಾಡಿಯವರು. ಬೆಂಕಿ ಮುಂದೆ ಹೇಗೆ ನಡೆದುಕೊಳ್ಳಬೇಕು ಅಂತ ಕಲಿಸಿದವರು ಅವರೇ. "ಹೊಗೆ ಮೊಕಕ್ಕೆ ಬಂದ್ರೆ ಅಲ್ಲಿ ನಿಲ್ಬೇಡ ಮಗ. ಸುಟ್ಟಿರೋ ಕಡೆಗೆ ಬಂದ್ಬುಡು" ಅನ್ನುತ್ತಿದ್ದರು. ಒಮ್ಮೆ ಸುಟ್ಟ ನೆಲದಲ್ಲಿ ಮತ್ತೆ ಹೊತ್ತಿಕೊಳ್ಳಲು ಏನೂ ಉಳಿದಿರಲ್ಲ. ಬೆಂಕಿ ಇಳಿಜಾರಿನಲ್ಲಿ ಇಳಿಯೋದಕ್ಕಿಂತ ಜೋರಾಗಿ ಏರುತ್ತದೆ, ಹಾಗಾಗಿ ಕೆಳಗೆ ಬೆಂಕಿ ಇದ್ದಾಗ ಮೇಲೆ ನಿಲ್ಲಲೇಬಾರದು. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದ ಬೆಂಕಿಯಲ್ಲಿ ಫಾರೆಸ್ಟ್ ಗಾರ್ಡ್ ಒಬ್ಬರು ಜೀವ ಕಳೆದುಕೊಂಡರು. ಹೊಸಬರಿಗೆ ಇದನ್ನು ಮೊದಲೇ ಹೇಳಬೇಕು.

ಬಟ್ಟೆ ಹತ್ತಿಯದೇ ಇರಲಿ. ಪಾಲಿಯೆಸ್ಟರ್, ನೈಲಾನ್ ಕಾವಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಕಾಲಿಗೆ ಗಟ್ಟಿ ಚರ್ಮದ ಶೂ, ಜೊತೆಗೆ ಸಾಕಷ್ಟು ನೀರು. ರಾತ್ರಿ ಮಲಗೋ ಮುಂಚೆ ಮೈಯಲ್ಲಿ ಉಣುಗು ಹತ್ತಿದೆಯಾ ನೋಡಿಕೊಳ್ಳಿ.

ಬೆಂಕಿ ಬಿದ್ದಾಗ ಬ್ಲೋವರ್ (ಗಾಳಿ ಊದಿ ಎಲೆ ಸರಿಸೋ ಯಂತ್ರ), ಸೊಪ್ಪು, ಎದುರು ಬೆಂಕಿ (ಬರೋ ಬೆಂಕಿಗೆ ಎದುರಾಗಿ ನಾವೇ ಹಚ್ಚೋ ಬೆಂಕಿ) ಎಲ್ಲಾ ಇರುತ್ತದೆ. ಎದುರು ಬೆಂಕಿ ಕೊಡೋದು ಮಾತ್ರ ಅನುಭವಸ್ಥರ ಕೆಲಸ. ನನ್ನಂಥ ಹೊಸಬರಿಗೆ ಸಿಗೋದು ಆರಿದ ಮೇಲಿನ ಕೆಲಸ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಒಣಗಿದ ಆನೆ ಲದ್ದಿ ಮೇಲೆ ನೋಡಿದರೆ ಬರೀ ಬೂದಿ. ಕೋಲಿನಲ್ಲಿ ಒಡೆದರೆ ಒಳಗೆ ಕೆಂಡ ಕೆಂಪಗೆ ಇರುತ್ತದೆ. ಅದನ್ನು ಪೂರ್ತಿ ಕೆದಕಿ ಮಣ್ಣು ಮುಚ್ಚಬೇಕು. ಪೊಳ್ಳು ಮರದ ಬುಡಕ್ಕೆ ಬೆಂಕಿ ಹೊಕ್ಕರೆ ಹೊಗೆ ತುದಿಯಲ್ಲಿ ಬರುತ್ತದೆ. ಅಂಥ ಮರ ರೇಖೆಯ ಹತ್ತಿರ ಇದ್ದರೆ ಬಿಟ್ಟು ಹೋಗೋ ಹಾಗಿಲ್ಲ. ಮುರಿದು ಬಿದ್ದರೆ ಕಿಡಿ ಆಚೆಗೆ ಹಾರುತ್ತದೆ. ಮಾರನೇ ದಿನ ಮಧ್ಯಾಹ್ನ ಗಾಳಿ ಎದ್ದಾಗ ಮತ್ತೆ ಹೊತ್ತಿಕೊಳ್ಳೋದು ಇಂಥ ಕಡೆಯೇ.

ಬೆಂಕಿ ಬಿದ್ದರೆ ಉಪಗ್ರಹದಿಂದ ಮೊಬೈಲಿಗೆ ಮೆಸೇಜ್ ಬರುತ್ತದೆ, ನಿಜ. ಅದರಿಂದ ತುಂಬಾ ಅನುಕೂಲವಾಗಿದೆ. ಆದರೆ ಬೆಂಕಿ ಗುರುತಿಸುವ ಉಪಗ್ರಹಗಳಲ್ಲಿ ಮುಖ್ಯವಾದವು ನಮ್ಮ ಮೇಲೆ ಹಾದುಹೋಗೋದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆ ಆಸುಪಾಸಿನಲ್ಲಿ. ಸಂಜೆ ನಾಲ್ಕಕ್ಕೆ ಬಿದ್ದ ಬೆಂಕಿಯನ್ನು ಕಾವಲು ಟವರ್ ಮೇಲೆ ಕೂತವರೇ ಮೊದಲು ನೋಡಬೇಕು. ಬಿಸಿಲಲ್ಲಿ ಧೂಳು ಯಾವುದು, ಹೊಗೆ ಯಾವುದು ಅಂತ ಕಣ್ಣಿಗೆ ಪಳಗಲು ನನಗೆ ಸಮಯ ಬೇಕಾಯಿತು. ಧೂಳು ಎದ್ದು ಚದುರಿಹೋಗುತ್ತದೆ. ಹೊಗೆ ಒಂದೇ ಜಾಗದಿಂದ ಬರುತ್ತಲೇ ಇರುತ್ತದೆ.

ಇಲ್ಲಿ ಬೆಂಕಿ ತಾನಾಗಿ ಬೀಳೋದು ಇಲ್ಲವೇ ಇಲ್ಲ ಅನ್ನಬಹುದು. ಯಾರೋ ಬೀಡಿ ಎಸೆದಿರುತ್ತಾರೆ. ಯಾರೋ ಹೊಸ ಹುಲ್ಲು ಚಿಗುರಲಿ ಅಂತ ಹಚ್ಚಿರುತ್ತಾರೆ. ಹಸು ಹುಲಿ ಬಾಯಿಗೆ ಹೋದ ಸಿಟ್ಟೂ ಇರುತ್ತದೆ. ಊರಿನವನೇ ಆದ್ದರಿಂದ ನನಗೆ ಇಲ್ಲಿ ಅನುಕೂಲವಾಯಿತು. ಟೀ ಅಂಗಡಿಯಲ್ಲಿ, ಮೇಕೆ ಮೇಯಿಸೋರ ಹತ್ತಿರ ಸುಮ್ನೆ ಕೂತು ಮಾತಾಡುತ್ತಿದ್ದೆ. ಹಸು ಕಳೆದುಕೊಂಡವರಿಗೆ ಪರಿಹಾರದ ಅರ್ಜಿ ಬರೆದುಕೊಡುತ್ತಿದ್ದೆ. ಇದು ಯಾರೂ ನನಗೆ ಹೇಳಿದ ಕೆಲಸವಲ್ಲ. ಆದರೂ ಪ್ರತಿ ವಾಚರ್ ಮಾಡಬೇಕಾದ್ದು ಅಂತ ಈಗಲೂ ನಂಬಿದ್ದೇನೆ.

ಮುಂಗಾರಿಗೆ ಮುಂಚಿನ ಮಳೆ ಚೆನ್ನಾಗಿ ಬಿದ್ದರೆ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಉಳಿದ ತಿಂಗಳುಗಳಿಗೆ ಬೇರೆ ದುಡಿಮೆ ನೋಡಿಕೊಂಡೇ ಸೇರಿ. ನವೆಂಬರ್‌ನಲ್ಲೇ ಹತ್ತಿರದ ವಲಯ ಅರಣ್ಯ ಕಚೇರಿಗೆ ಹೋಗಿ ವಿಚಾರಿಸಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ನಿಮ್ಮೂರ ಕಡೆಯ ಹಳ್ಳ, ಕಾಡುದಾರಿ ಗೊತ್ತಿದ್ದರೆ ಅದನ್ನೂ ತಪ್ಪದೆ ಹೇಳಿ.