ಮೊದಲು ಗಿಡ ಅಳೆಯಿರಿ, ಆಮೇಲೆ ಮಣ್ಣು ಮುಟ್ಟಿ: ಬೋನ್ಸಾಯ್ ಕುಂಡ ಮಾಡುವ ಬಗೆ

ನಾನು ಮಾಡಿದ ಎರಡನೇ ಬೋನ್ಸಾಯ್ ಕುಂಡವನ್ನು ನಾನೇ ಸುತ್ತಿಗೆಯಿಂದ ಒಡೆದೆ. ನೋಡಲು ಚೆಂದವಾಗಿಯೇ ಇತ್ತು. ಉಬ್ಬಿದ ಹೊಟ್ಟೆ, ಒಳಕ್ಕೆ ಬಾಗಿದ ಬಾಯಿ, ಮೇಲೆ ಹೊಳೆಯುವ ನೀಲಿ. ಎರಡು ವರ್ಷದ ಮೇಲೆ ಮಣ್ಣು ಬದಲಿಸಲು ಕೂತರೆ ಆಲದ ಗಿಡ ಹೊರಗೆ ಬರಲೊಲ್ಲದು. ಬೇರೆಲ್ಲ ಹೊಟ್ಟೆಯೊಳಗೆ ಹೆಣೆದುಕೊಂಡು ಬಾಯಿಗಿಂತ ಅಗಲವಾಗಿ ಕೂತುಬಿಟ್ಟಿತ್ತು. "ಬೇರು ನನ್ನದು, ಕುಂಡ ನಿನ್ನದು. ಯಾವುದು ಹೋಗಬೇಕು, ನೀನೇ ಹೇಳು" ಅಂದರು ನಮ್ಮ ಯಜಮಾನರು. ನಮ್ಮ ಮನೆಯಲ್ಲಿ ಗಿಡ ಅವರ ಪಾಲು, ಮಣ್ಣು ನನ್ನ ಪಾಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆಯ ಎರಡೂ ತುದಿ ಅವತ್ತು ನನ್ನ ಕೈಯಲ್ಲೇ ಇತ್ತು.

ಅಂದಿನಿಂದ ಗಿಡ ನೋಡದೆ ನಾನು ಕುಂಡ ಮಾಡುವುದಿಲ್ಲ. ಬೋನ್ಸಾಯ್ ಅನ್ನುವ ಪದದಲ್ಲೇ ಅರ್ಧ ಭಾಗ ಕುಂಡ. 'ಬೋನ್' ಎಂದರೆ ತಟ್ಟೆಯಂಥ, ಆಳವಿಲ್ಲದ ಪಾತ್ರೆ. 'ಸಾಯ್' ಎಂದರೆ ಅದರಲ್ಲಿ ನೆಟ್ಟದ್ದು. ಜಪಾನಿನ ತೊಕೊನಾಮೆ, ಚೀನಾದ ಯಿಶಿಂಗ್ ಈ ಕುಂಡಗಳಿಗೆ ಹೆಸರಾದ ಊರುಗಳು. ಅಲ್ಲಿನ ಕಂದು ಬಣ್ಣದ ಆಯತದ ಕುಂಡಗಳನ್ನು ನಾನೂ ಮೊದಲು ನಕಲು ಹೊಡೆದೆ. ಪೈನ್ ಮರಕ್ಕೆ ಒಪ್ಪುವ ಆ ಗಾಂಭೀರ್ಯ ನಮ್ಮ ಹುಣಸೆಗೆ ಎರವಲು ಕೋಟು ತೊಡಿಸಿದ ಹಾಗಿತ್ತು. ನಮ್ಮ ಹುಣಸೆ, ಗೋಣಿ, ಅರಳಿ ಬೆಳೆಯುವುದು ಬಂಡೆಯ ಸಂದಿಯಲ್ಲಿ, ಕೋಟೆಗೋಡೆಯ ಬಿರುಕಿನಲ್ಲಿ, ಹೊಲದ ಬದುವಿನ ಕಲ್ಲುಚಪ್ಪಡಿಯ ಪಕ್ಕದಲ್ಲಿ. ಅವುಗಳ ಕುಂಡದಲ್ಲೂ ಆ ಕಲ್ಲು ಕಾಣಲಿ ಅಂತ ನನ್ನ ಆಸೆ. ಈ ಸಲ ಮಾಡಿದ ಹುಣಸೆ ಕುಂಡವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಗಿಡ 45 ಸೆಂ.ಮೀ. ಎತ್ತರ, ಬುಡದ ದಪ್ಪ 5 ಸೆಂ.ಮೀ. ವಾಡಿಕೆಯ ಲೆಕ್ಕದಲ್ಲಿ ಕುಂಡದ ಉದ್ದ ಗಿಡದ ಎತ್ತರದ ಮೂರರಲ್ಲಿ ಎರಡು ಪಾಲು, ಅಂದರೆ 30 ಸೆಂ.ಮೀ. ಆಳ ಬುಡದ ದಪ್ಪದಷ್ಟು. ಆದರೆ ಮೈಸೂರಿನ ಮಾರ್ಚ್-ಏಪ್ರಿಲ್ ಬಿಸಿಲಿಗೆ 5 ಸೆಂ.ಮೀ. ಕುಂಡ ಮಧ್ಯಾಹ್ನದೊಳಗೆ ಒಣಗುತ್ತದೆ. ಅದಕ್ಕೇ 6 ಮಾಡಿದೆ. ಅಗಲ 22. ಇದು ವೇದವಾಕ್ಯವಲ್ಲ. ಬುಡ ಸಣ್ಣಗಿದ್ದು ಕೊಂಬೆ ಇಳಿಬಿದ್ದ ಗಿಡಕ್ಕೆ ಆಳದ ಕುಂಡವೇ ಬೇಕು. ಮೈಸೂರಿನ ದತ್ತಪೀಠದ ಬೋನ್ಸಾಯ್ ಉದ್ಯಾನಕ್ಕೋ ಲಾಲ್‌ಬಾಗಿಗೋ ಹೋದಾಗ ಕುಕ್ಕರುಗಾಲಲ್ಲಿ ಕೂತು ಗಿಡದ ಮಟ್ಟಕ್ಕೆ ಕಣ್ಣು ತಂದು ನೋಡಿ. ನಿಂತು ನೋಡಿದರೆ ಕುಂಡ ಕಾಣುವುದೇ ಇಲ್ಲ.

ಇನ್ನು ಮಣ್ಣು. ಕುಂಬಾರರ ಮಾಮೂಲಿ ಕೆಂಪು ಕುಂಡ ಗಿಡಕ್ಕೆ ಕೆಟ್ಟದ್ದೇನಲ್ಲ. ಎಳೆ ಗಿಡ ಪಳಗಿಸಲು ನಾನು ಈಗಲೂ ಅದನ್ನೇ ಕೊಡುತ್ತೇನೆ. ಆದರೆ ಕಡಿಮೆ ಶಾಖದಲ್ಲಿ ಸುಟ್ಟದ್ದು ನೀರು ಕುಡಿಯುತ್ತದೆ, ಹೊರಗೆ ಬಿಳಿ ಉಪ್ಪು ಕೂರುತ್ತದೆ, ಆಳವಿಲ್ಲದ ಅಗಲ ತಟ್ಟೆಯಾದರೆ ಎತ್ತುವಾಗ ಅಂಚು ಕೈಗೆ ಬರುತ್ತದೆ. ಹತ್ತಾರು ವರ್ಷ ಬಾಳಬೇಕಾದ ಕುಂಡಕ್ಕೆ ಸ್ಟೋನ್‌ವೇರ್ ಜೇಡಿಯೇ ಸರಿ, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟರೆ ಕಲ್ಲಿನಂತೆ ಗಟ್ಟಿಯಾಗುವ ಮಣ್ಣು. ಅದರಲ್ಲಿ ಗ್ರಾಗ್, ಅಂದರೆ ಸುಟ್ಟು ಕುಟ್ಟಿದ ಮಣ್ಣಿನ ತರಿ, ಸೇರಿರಲಿ. ಉಪ್ಪಿಟ್ಟಿನ ರವೆಯಷ್ಟು ದಪ್ಪದ ತರಿ ಇದ್ದರೆ ಅಗಲದ ಹಾಳೆ ಬಿರುಕು ಬಿಡುವುದು ಕಡಿಮೆ. ಇಟ್ಟಿಗೆ ಪುಡಿ ಹಾಕಿ ಉಳಿತಾಯ ಮಾಡಲು ಹೋಗಬೇಡಿ. ಅದು ಆ ಶಾಖ ತಡೆಯದೆ ಕರಗಿ ಗುಳ್ಳೆ ಏಳುತ್ತದೆ.

ಈಗ ಲೆಕ್ಕ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು, ಇಲ್ಲಿ ಸ್ವಲ್ಪ ತಡೆದುಕೊಳ್ಳಿ. ಹಸಿಯಿಂದ ಸುಡುವತನಕ ಮಣ್ಣು ಕುಗ್ಗುತ್ತದೆ. ಎಷ್ಟು ಅಂತ ಚೀಲದ ಮೇಲೆ ಬರೆದದ್ದನ್ನು ನಂಬಬೇಡಿ. ಒಂದು ಹಸಿ ಪಟ್ಟಿಯ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಕೊರೆದು, ಸುಟ್ಟ ಮೇಲೆ ಅಳೆಯಿರಿ. ನನ್ನದು 8.8 ಬಂತು. ಅಂದರೆ ಕುಗ್ಗಿದ್ದು 100ಕ್ಕೆ 12. ಬಹಳ ಜನ ಇಲ್ಲೇ ಎಡವುತ್ತಾರೆ. 30ಕ್ಕೆ ಅದರ 12 ಪಾಲು ಸೇರಿಸಿ 33.6 ಅನ್ನುತ್ತಾರೆ. ತಪ್ಪು. ಕುಗ್ಗುವುದು ಹಸಿ ಅಳತೆಯಲ್ಲಿ 12 ಪಾಲು, ಸುಟ್ಟ ಅಳತೆಯಲ್ಲಲ್ಲ. 30ನ್ನು 0.88ರಿಂದ ಭಾಗಿಸಿ: 34.1. ಹಾಗೇ ಅಗಲ 25, ಆಳ 6.8. ಅರ್ಧ ಸೆಂಟಿಮೀಟರಿಗೆ ಏನಾಗುತ್ತದೆ ಅನ್ನುವವರು ಬೇರಿನ ಗಡ್ಡೆಯನ್ನು ಕುಂಡದೊಳಗೆ ಒಮ್ಮೆ ಕೂರಿಸಿ ನೋಡಲಿ.

ಈ ಅಳತೆಗೆ ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ ತಳ, ನಾಲ್ಕು ಗೋಡೆ, ಕಾಲುಗಳ ಅಚ್ಚು ಕತ್ತರಿಸಿಕೊಳ್ಳಿ. ಜೇಡಿಯನ್ನು ಚೆನ್ನಾಗಿ ನಾದಿ, ದಪ್ಪ ಕಾಟನ್ ಬಟ್ಟೆಯ ಮೇಲಿಟ್ಟು, ಎರಡು ಬದಿಗೂ 10 ಮಿ.ಮೀ. ದಪ್ಪದ ರೀಪರ್ ಪಟ್ಟಿ ಇಟ್ಟು ಲಟ್ಟಣಿಗೆಯಿಂದ ಲಟ್ಟಿಸಿ. ಚಪಾತಿಯಂತೆ ಒಂದೇ ಕಡೆಯಿಂದ ಒತ್ತಬಾರದು. ಮಗುಚಿ, ತಿರುಗಿಸಿ, ಎರಡೂ ಮುಖವನ್ನು ಪ್ಲಾಸ್ಟಿಕ್ ಸ್ಕೇಲಿನಿಂದ ಬಲವಾಗಿ ಎಳೆದು ಒತ್ತಬೇಕು. ತಳ ಬಿರಿಯುವುದು ಈ ಒತ್ತು ಸಾಲದೆ.

ಗೋಡೆಯ ಹಾಳೆಗಳು ಮೆತ್ತಗಿರುವಾಗಲೇ ಮೈಮೇಲಿನ ಕೆತ್ತನೆ ಆಗಬೇಕು. ನಮ್ಮ ಹಿತ್ತಲಲ್ಲಿ ಅತ್ತೆಯ ಕಾಲದ ಬಟ್ಟೆ ಒಗೆಯುವ ಕಲ್ಲಿದೆ. ವಾಷಿಂಗ್ ಮಷಿನ್ ಬಂದ ಮೇಲೆ ಅದರ ಮೇಲೆ ಕೂರುವುದು ಬೆಕ್ಕು ಮಾತ್ರ. ಅದರ ಪಕ್ಕೆಯಲ್ಲಿ ಕಲ್ಲುಕುಟಿಗನ ಉಳಿ ಬಿದ್ದ ಗುರುತು ಹಾಗೇ ಇದೆ. ಹಾಳೆಗೆ ಕಾರ್ನ್‌ಫ್ಲೋರ್ ಉದುರಿಸಿ, ಆ ಪಕ್ಕೆಗೆ ಒತ್ತಿ ಅಂಗೈಯಿಂದ ತಟ್ಟಿದೆ. ಹಸಿ ಮಣ್ಣು ಕಲ್ಲಿಗೆ ಅಂಟಿಕೊಳ್ಳುತ್ತದೆ, ಆ ಹಿಟ್ಟು ಇಲ್ಲದಿದ್ದರೆ ಬಿಡಿಸಲಾಗದು. ಹಿಟ್ಟು ಒಲೆಯಲ್ಲಿ ಸುಟ್ಟುಹೋಗುತ್ತದೆ. ನಿಮ್ಮಲ್ಲಿ ಒರಳಿರಬಹುದು, ಹಳೇ ಬಾಗಿಲಿರಬಹುದು. ಅಂಗಡಿಯಲ್ಲಿ ಸಿಗುವ ಅಚ್ಚಿನ ರೋಲರ್ ಮಾತ್ರ ಬೇಡ, ಎಲ್ಲರ ಕುಂಡದ ಮೇಲೂ ಅದೇ ಎಲೆ, ಅದೇ ಬಳ್ಳಿ.

ಹಾಳೆಗಳನ್ನು ಎರಡು ಹಲಗೆಗಳ ನಡುವೆ ನ್ಯೂಸ್‌ಪೇಪರ್ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೈಸೂರು ಪಾಕ್ ಕತ್ತರಿಸುವ ಹದಕ್ಕೆ ಬಂದಿರುತ್ತವೆ: ಎತ್ತಿದರೆ ಬಾಗದು, ಚಾಕು ಹಾಕಿದರೆ ಪುಡಿಯಾಗದು. ಆಗ ಅಚ್ಚಿಟ್ಟು ಕತ್ತರಿಸಿ, ಮೂಲೆಯಲ್ಲಿ ಕೂಡುವ ಅಂಚುಗಳನ್ನು 45 ಡಿಗ್ರಿಗೆ ಓರೆ ಮಾಡಿ. ಎರಡೂ ಅಂಚನ್ನು ಫೋರ್ಕಿನಿಂದ ಗೀರಿ, ಅದೇ ಮಣ್ಣಿನ ಬಗ್ಗಡ ಹಚ್ಚಿ, ನೀರು ಹೊರಗೆ ಜಿನುಗುವತನಕ ಒತ್ತಿ. ಒಳಮೂಲೆಗೆಲ್ಲ ಚಕ್ಕುಲಿ ಎಳೆಯಂತೆ ಹೊಸೆದ ಮಣ್ಣನ್ನು ಇಟ್ಟು ಬೆರಳಿಂದ ತೀಡಿ. ಗೋಡೆ ಮೇಲಕ್ಕೆ ಹೋದಂತೆ ತುಸು ಹೊರಕ್ಕೆ ವಾಲಲಿ. ಸುತ್ತಿಗೆಯ ಕಥೆ ಮರೆತಿಲ್ಲ ತಾನೆ?

ರಂಧ್ರದ ವಿಷಯಕ್ಕೆ ನಾನು ಅತಿ ಹೆಚ್ಚು ಹೊತ್ತು ಕೊಡುವುದು. ಒಂದು ಸ್ಪಾಂಜನ್ನು ನೀರಲ್ಲಿ ಅದ್ದಿ ಅಡ್ಡಡ್ಡ ಹಿಡಿಯಿರಿ, ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಕುಂಡದಲ್ಲೂ ಹಾಗೆಯೇ. ತಳದಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಪದರ ಒಂದೇ ಮಣ್ಣಿಗೆ ಎಲ್ಲ ಕುಂಡದಲ್ಲೂ ಹೆಚ್ಚುಕಮ್ಮಿ ಒಂದೇ ಎತ್ತರ. ಬಕೆಟ್ಟಿನಂಥ ಕುಂಡದಲ್ಲಿ ಅದು ಅಡಿಯ ಒಂದು ಪಾಲು, ತಟ್ಟೆಯಂಥ ಕುಂಡದಲ್ಲಿ ಅರ್ಧ ಕುಂಡವೇ ಅದು. ಅದಕ್ಕೇ ತೆಳು ಕುಂಡಕ್ಕೆ ತರಿ ಮಣ್ಣು, ದೊಡ್ಡ ರಂಧ್ರ ಎರಡೂ ಬೇಕು. ನನ್ನ ಮೊದಲ ಕುಂಡಕ್ಕೆ ಪೆನ್ನು ತೂರುವಷ್ಟೇ ಒಂದು ತೂತು ಮಾಡಿದ್ದೆ. ದಾಳಿಂಬೆ ಗಿಡ ಒಂದು ಮಳೆಗಾಲ ದಾಟಲಿಲ್ಲ. ಈಗ 2.5 ಸೆಂ.ಮೀ. ಅಗಲದ ಎರಡು, ಸುಟ್ಟ ಮೇಲೆ 2.2 ಆಗುತ್ತವೆ. ಸ್ಟೀಲ್ ಪೈಪಿನ ತುಂಡಿನಿಂದ ಒತ್ತಿ ತೆಗೆಯಿರಿ. ಜೊತೆಗೆ ಗಿಡವನ್ನು ತಂತಿಯಿಂದ ಬಿಗಿಯಲು 6 ಮಿ.ಮೀ.ನ ನಾಲ್ಕು ಸಣ್ಣ ತೂತು. ಇವನ್ನು ಮರೆತರೆ ಗಾಳಿಗೆ ಗಿಡ ಅಲ್ಲಾಡಿ ಹೊಸ ಬೇರು ಹರಿಯುತ್ತದೆ. ಅಂಚಿನಿಂದ ತಳ ರಂಧ್ರದ ಕಡೆಗೆ ಕೂದಲೆಳೆಯಷ್ಟು ಇಳಿಜಾರಿರಲಿ. ಪರೀಕ್ಷೆಗೆ ಮೊಮ್ಮಗನ ಗೋಲಿ ಸಾಕು. ನಾಲ್ಕೂ ಮೂಲೆಯಲ್ಲಿ ಬಿಟ್ಟು ನೋಡಿ, ಉರುಳಿ ರಂಧ್ರಕ್ಕೆ ಬರಬೇಕು.

ಕಾಲು ಒಂದೂವರೆ ಸೆಂ.ಮೀ. ಎತ್ತರ, ಕೆಳಗೆ ಗಾಳಿಯಾಡಲು. ಉದ್ದ 30 ದಾಟಿದರೆ ನಡುವೆಯೂ ಒಂದು ಜೊತೆ ಕೊಡಿ. 1200 ಡಿಗ್ರಿ ದಾಟಿದ ಮೇಲೆ ಮಣ್ಣು ಮೆತ್ತಗಾಗಿ ಆಸರೆಯಿಲ್ಲದ ತಳ ಜೋತುಬೀಳುತ್ತದೆ.

ಒಣಗಿಸುವಾಗ ಆತುರ ಬೇಡ. ಆಷಾಢದ ಗಾಳಿಯಲ್ಲಿ ಜಗಲಿಯ ಮೇಲಿಟ್ಟ ಕುಂಡ ಒಂದೇ ದಿನಕ್ಕೆ ಹಪ್ಪಳದಂತೆ ಮುರುಟಿತ್ತು. ಅಂಚು ಬೇಗ ಒಣಗುತ್ತದೆ, ತಳ ಹಸಿಯಾಗಿಯೇ ಇರುತ್ತದೆ, ಎರಡೂ ಎಳೆದಾಡುತ್ತವೆ. ಈಗ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೊಂದು ಹಳೇ ಸೀರೆ ಹೊದಿಸಿ ಎರಡು ವಾರ ಇಡುತ್ತೇನೆ. ಒಣಗಿದ ಮಣ್ಣನ್ನು ಉಜ್ಜಿ ನಯ ಮಾಡಬೇಡಿ, ಒದ್ದೆ ಸ್ಪಾಂಜಿನಿಂದ ಒರೆಸಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಸುಡಲು ನನ್ನಲ್ಲಿ ಒಲೆಯಿಲ್ಲ. ಪರಿಚಯದವರ ಸ್ಟುಡಿಯೋದ ಕರೆಂಟಿನ ಒಲೆಯಲ್ಲಿ ಜಾಗ ಬೇಡಿ ಸುಡಿಸುತ್ತೇನೆ. ಮೊದಲ ಸುಡುವಿಕೆ 1000 ಡಿಗ್ರಿಗೆ. ಆರಂಭದಲ್ಲಿ 100ರ ಕೆಳಗೆ ಮೂರು ಗಂಟೆ ಹಿಡಿಯಲೇಬೇಕು, ಒಳಗಿನ ನೀರು ಆವಿಯಾಗಿ ಸಿಡಿದರೆ ಪಕ್ಕದವರ ಕಪ್ಪುಗಳೂ ಹೋಗುತ್ತವೆ, ಆಮೇಲೆ ಜಾಗ ಯಾರು ಕೊಡುತ್ತಾರೆ? 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣೊಳಗಿನ ಕ್ವಾರ್ಟ್ಜ್, ಅಂದರೆ ಬೆಣಚುಕಲ್ಲಿನ ಕಣ, ತಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಅಗಲದ ತಳದ ಕುಂಡ ಅಲ್ಲಿ ನಿಧಾನವಾಗಿ ದಾಟಬೇಕು.

ಬಣ್ಣದಲ್ಲಿ ನನಗೆ ಹಟವಿದೆ. ಒಳಗೆ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಬೇಡವೇ ಬೇಡ, ಬಾಯಿಯಿಂದ ಒಂದು ಸೆಂಟಿಮೀಟರ್ ಒಳಗೆ ಬಂದರೆ ಸಾಕು. ಕಾಗದದ ಹೂವಿನ ಗಿಡಕ್ಕೆ ಮಂಕಾದ ಹಸಿರುಬೂದು ಗ್ಲೇಜ್ ಹಾಕುತ್ತೇನೆ, ಹೂವಿನ ಗುಲಾಬಿ ಅದರ ಮುಂದೆ ಉರಿಯುತ್ತದೆ. ಹುಣಸೆಗೆ ಗ್ಲೇಜೇ ಇಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಐರನ್ ಆಕ್ಸೈಡ್ ಕದಡಿ, ಮೈಗೆಲ್ಲ ಬಳಿದು, ಒದ್ದೆ ಸ್ಪಾಂಜಿನಿಂದ ಒರೆಸಿದೆ. ಉಬ್ಬಿದ ಕಡೆ ಮಣ್ಣಿನ ಬಣ್ಣ ಉಳಿಯಿತು, ಉಳಿಯ ಗುಳಿಗಳಲ್ಲಿ ಕಪ್ಪುಗೆಂಪು ಕೂತಿತು. ಎರಡನೇ ಸುಡುವಿಕೆ 1230ಕ್ಕೆ. ಕುಂಡದ ಕೆಳಗೆ ಅದೇ ಮಣ್ಣಿನ ತೆಳು ಹಲಗೆ ಇಟ್ಟು ಅಂಟದಂತೆ ತಡೆಯುವ ಅಲ್ಯೂಮಿನಾ ಪುಡಿ ಉದುರಿಸಿದರೆ ಎರಡೂ ಒಟ್ಟಿಗೆ ಕುಗ್ಗುತ್ತವೆ, ಕಾಲು ಎಳೆದು ಸೀಳುವುದಿಲ್ಲ.

ಬೆಂದಿದೆಯೇ ಎಂದು ತಿಳಿಯಲು ಜೊತೆಗೆ ಸುಟ್ಟ ಒಂದು ಚೂರನ್ನು ತೂಗಿ, ನೀರಲ್ಲಿ ಎರಡು ಗಂಟೆ ಕುದಿಸಿ, ಆರಿದ ಮೇಲೆ ಒರೆಸಿ ಮತ್ತೆ ತೂಗಿ. ನನ್ನದು 412 ಗ್ರಾಂ ಇದ್ದದ್ದು 420 ಆಯಿತು, 100ಕ್ಕೆ 2ಕ್ಕಿಂತ ತುಸು ಕಡಿಮೆ. 3 ದಾಟಿದರೆ ಮುಂದಿನ ಸಲ ಶಾಖ ಏರಿಸಿ.

ಗಿಡ ನೆಡುವ ಮುನ್ನ ಖಾಲಿ ಕುಂಡಕ್ಕೆ ಒಂದು ಚೊಂಬು ನೀರು ಹುಯ್ದು ನೋಡಿ. ಗೋಲಿ ಸುಳ್ಳು ಹೇಳಿತೋ, ಒಲೆಯಲ್ಲಿ ತಳ ಸರಿಯಿತೋ, ನನ್ನ ಹುಣಸೆ ಕುಂಡದ ಎಡ ಹಿಂಮೂಲೆಯಲ್ಲಿ ಒಂದು ಚಮಚದಷ್ಟು ನೀರು ನಿಲ್ಲುತ್ತದೆ. ಆ ಮೂಲೆಯ ಕಾಲಿನ ಕೆಳಗೆ ಒಂದು ಹೆಂಚಿನ ಚೂರು ಸಿಕ್ಕಿಸಿದ್ದೇನೆ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ಯಜಮಾನರಿಗೆ ಮಾತ್ರ ಗೊತ್ತು.