ಎಂಜಿನ್ ಕಟ್ಟಿದ್ದಾಯಿತು, ಆಯಿಲ್ ಮಾತ್ರ ಮೇಲೆ ಬರುತ್ತಿಲ್ಲ

ಬೈಕಿನ ಎಂಜಿನ್ ಪೂರ್ತಿ ಬಿಚ್ಚಿ, ತೊಳೆದು, ಹೊಸ ಬೇರಿಂಗು, ಹೊಸ ಪಿಸ್ಟನ್ ಹಾಕಿ ಕಟ್ಟಿದ್ದೀರಿ. ಎರಡನೇ ಕಿಕ್‌ಗೇ ಸ್ಟಾರ್ಟ್ ಆಯಿತು. ಖುಷಿಯಿಂದ ಟ್ಯಾಪೆಟ್ ಮುಚ್ಚಳ ತೆಗೆದು ನೋಡಿದರೆ ವಾಲ್ವ್ ಒತ್ತುವ ರಾಕರ್ ಒಣಗಿಕೊಂಡೇ ಇದೆ. ಅಥವಾ ಮೀಟರಿನಲ್ಲಿ ಆಯಿಲ್‌ನ ಕೆಂಪು ದೀಪ ಆರುತ್ತಲೇ ಇಲ್ಲ. ಮೊದಲು ಎಂಜಿನ್ ಆಫ್ ಮಾಡಿ. ‘ಸ್ವಲ್ಪ ರೇಸ್ ಕೊಡಿ, ತಾನಾಗಿ ಮೇಲೆ ಬರುತ್ತೆ’ ಅನ್ನುವವರು ಪಕ್ಕದಲ್ಲಿ ಒಬ್ಬರಾದರೂ ಇರುತ್ತಾರೆ. ಅವರ ಮಾತು ಕೇಳಿದರೆ ರಾಕರನ್ನು ಆಡಿಸುವ ಕ್ಯಾಮ್ ಮೇಲೆ ಗೀರು ಬೀಳುತ್ತದೆ, ಅಷ್ಟೇ.

ಹಾಗಂತ ಗಾಬರಿಯಲ್ಲಿ ಮತ್ತೆ ಪೂರ್ತಿ ಬಿಚ್ಚಲೂ ಹೋಗಬೇಡಿ. ಸಾಮಾನ್ಯ ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್‌ಗೆ ಒಂದು ಗೊತ್ತಾದ ದಾರಿ ಇದೆ. ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ, ಅಂದರೆ ಸಂಪ್, ಅಲ್ಲಿಯ ಜಾಲರಿ, ಪಂಪ್, ಫಿಲ್ಟರ್. ಆಮೇಲೆ ಒಂದು ಕವಲು ಕ್ರ್ಯಾಂಕ್‌ಗೆ, ಇನ್ನೊಂದು ಮೇಲೆ ವಾಲ್ವ್, ರಾಕರ್ ಇರುವ ಹೆಡ್‌ಗೆ. ಅಲ್ಲಿಂದ ತಾನಾಗಿ ಇಳಿದು ಮತ್ತೆ ಸಂಪ್‌ಗೆ. ಆಯಿಲ್ ಎಲ್ಲಿಯವರೆಗೆ ಬಂದು ನಿಂತಿದೆ ಅಂತ ಪತ್ತೆ ಹಚ್ಚಿದರೆ ಬಿಚ್ಚಬೇಕಾದ ಜಾಗವೂ ಗೊತ್ತಾಗುತ್ತದೆ.

ಮೊದಲು ಪಂಪ್ ಒದ್ದೆಯಾಗಲಿ

ಆಯಿಲ್ ಎಷ್ಟು ಹಾಕಿದ್ದೀರಿ ನೋಡಿ. ಬಿಚ್ಚಿ ಕಟ್ಟಿದ ಎಂಜಿನ್ ಒಳಗೆಲ್ಲ ಒಣಗಿರುತ್ತದೆ. ಬರೀ ಆಯಿಲ್ ಬದಲಿಸುವಾಗ ಹಿಡಿಯುವುದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಈ ಎರಡು ಅಳತೆಯನ್ನೂ ಬೇರೆ ಬೇರೆ ಕೊಟ್ಟಿರುತ್ತಾರೆ.

ಒಣ ಪಂಪ್ ಆಯಿಲ್ ಎಳೆಯುವುದಿಲ್ಲ. ಪಂಪ್ ಒಳಗೆ ತಿರುಗುವ ರೋಟರ್ ಸುತ್ತಲಿನ ಸಣ್ಣ ಸಂದುಗಳನ್ನು ಮುಚ್ಚುವುದೂ ಆಯಿಲ್ಲೇ. ಅದಿಲ್ಲದಿದ್ದರೆ ಪಂಪ್ ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ಹಾಗಾಗಿ ಜೋಡಿಸುವಾಗಲೇ ಪಂಪ್ ಒಳಗೆ ಆಯಿಲ್ ತುಂಬಿರಬೇಕು. ಮರೆತಿದ್ದರೆ ಈಗ ಪಂಪ್‌ನಿಂದ ಹೊರಡುವ ದಾರಿಯ ಯಾವುದಾದರೂ ಬೋಲ್ಟ್ ಬಿಚ್ಚಿ, ಎಣ್ಣೆಡಬ್ಬಿಯಿಂದ ಒಳಗೆ ಬಿಡಿ.

ಇನ್ನು ಸ್ಪಾರ್ಕ್ ಪ್ಲಗ್ ತೆಗೆಯಿರಿ. ಇಗ್ನಿಷನ್ ಆಫ್ ಇರಲಿ. ಆನ್ ಇಡಲೇಬೇಕಾದರೆ ಪ್ಲಗ್ ಅನ್ನು ಕ್ಯಾಪ್‌ಗೆ ಸಿಕ್ಕಿಸಿ, ಎಂಜಿನ್ ಲೋಹಕ್ಕೆ ತಾಗಿಸಿಡಿ, ಇಲ್ಲದಿದ್ದರೆ ಕಿಡಿ ಕೊಡುವ ಸಿಡಿಐ ಬಾಕ್ಸ್ ಸುಡಬಹುದು. ಹೆಡ್‌ಗೆ ಆಯಿಲ್ ಬರುವ ಕಡೆಯ ಬೋಲ್ಟನ್ನು ಎರಡು ಸುತ್ತು ಸಡಿಲ ಮಾಡಿ ಕಿಕ್ ಹೊಡೆಯುತ್ತಾ ಹೋಗಿ. ಕಂಪ್ರೆಷನ್ ಇಲ್ಲದ್ದರಿಂದ ಕಾಲಿಗೂ ಕಷ್ಟವಿಲ್ಲ, ಬೇರಿಂಗ್ ಮೇಲೂ ಭಾರವಿಲ್ಲ. ಸಾಮಾನ್ಯವಾಗಿ ಮೊದಲು ಗುಳ್ಳೆ ಬರುತ್ತವೆ, ಆಮೇಲೆ ಬೋಲ್ಟಿನ ಬುಡದಲ್ಲಿ ಆಯಿಲ್ ಜಿನುಗುತ್ತದೆ. ಜಿನುಗಿದರೆ ಬೋಲ್ಟ್ ಬಿಗಿ ಮಾಡಿ, ನಿಮ್ಮ ತೊಂದರೆ ಮುಗಿಯಿತು.

ದೀಪ ಹೇಳುವುದೆಲ್ಲ ನಿಜವಲ್ಲ

ಕೆಂಪು ದೀಪ ಒಂದು ಸ್ವಿಚ್ಚಿನ ಮಾತು ಕೇಳುತ್ತದೆ, ಅಷ್ಟೇ. ಒತ್ತಡ ಇಲ್ಲದಾಗ ಆ ಸ್ವಿಚ್ ವೈರನ್ನು ಎಂಜಿನ್ ಬಾಡಿಗೆ ಅರ್ತ್ ಮಾಡುತ್ತದೆ. ಸ್ವಿಚ್ಚಿನಿಂದ ವೈರ್ ಕಿತ್ತು ನೋಡಿ. ಆಗಲೂ ದೀಪ ಉರಿಯುತ್ತಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ, ದೀಪ ಉರಿಯುವುದಕ್ಕೆ ಆಯಿಲ್ ಕಾರಣವಲ್ಲ. ದೀಪ ಆರಿದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಸ್ವಲ್ಪ ಒತ್ತಡಕ್ಕೇ ಅದು ಆರಿಬಿಡುತ್ತದೆ. ಅನುಮಾನವಿದ್ದರೆ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಪ್ರೆಷರ್ ಗೇಜ್ ಹಾಕಿ. ಆದರೆ ಬಾಲ್ ಮತ್ತು ರೋಲರ್ ಬೇರಿಂಗ್‌ನ ಕ್ರ್ಯಾಂಕ್‌ಗೆ ಕಡಿಮೆ ಒತ್ತಡವೇ ಸಾಕು. ಗುಂಡು, ರೋಲರ್ ಇಲ್ಲದ ನುಣುಪು ಶೆಲ್ ಬೇರಿಂಗ್ ಇರುವ ಎಂಜಿನ್‌ನ ಅಂಕಿ ಹಿಡಿದುಕೊಂಡು ಕೂರಬೇಡಿ.

ಎಲ್ಲಿ ನಿಂತಿದೆ?

ಹೆಡ್‌ಗೆ ಬರಲೇ ಇಲ್ಲ ಅಂದುಕೊಳ್ಳಿ. ಈಗ ದಾರಿಯ ಮಧ್ಯೆ ನೋಡಬೇಕು. ಫಿಲ್ಟರ್ ಮುಚ್ಚಳ ಸಡಿಲ ಮಾಡಿ, ಕಿಕ್ ಹೊಡೆಯಿರಿ. ಅಲ್ಲಿ ಆಯಿಲ್ ಬಂದರೆ ಪಂಪ್ ಕೆಲಸ ಮಾಡುತ್ತಿದೆ, ಅಡ್ಡಿ ಮುಂದಿದೆ. ಬರದಿದ್ದರೆ ಪಂಪ್‌ನಲ್ಲೋ, ಅದರ ಹಿಂದೆಯೋ.

ಹಿಂದಿನದು ಸುಲಭ. ಜಾಲರಿ ಕಟ್ಟಿಕೊಂಡಿರಬಹುದು. ಎಳೆಯುವ ಕಡೆಯ ಓ ರಿಂಗ್ ಬಿಟ್ಟುಹೋಗಿದ್ದರೆ ಪಂಪ್ ಆಯಿಲ್ ಬದಲು ಗಾಳಿ ಕುಡಿಯುತ್ತದೆ. ಪಂಪ್ ಶಾಫ್ಟಿನ ಸಣ್ಣ ಪಿನ್ ಹಾಕಲು ಮರೆತವರೂ ಇದ್ದಾರೆ. ಗೇರ್ ತಿರುಗುತ್ತದೆ, ರೋಟರ್ ತಿರುಗುವುದಿಲ್ಲ! ಹಳೇ ಪಂಪನ್ನೇ ಹಾಕಿದ್ದರೆ ರೋಟರ್ ಸಂದನ್ನು ಫೀಲರ್ ಗೇಜಿನಲ್ಲಿ ಅಳೆದು ಮ್ಯಾನ್ಯುಯಲ್ ಜೊತೆ ತಾಳೆ ನೋಡಿ. ಇಲ್ಲಿ ಲೆಕ್ಕವೆಲ್ಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ್ದು. ಒತ್ತಡ ಮಿತಿಮೀರಿದಾಗ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಇರುವ ಎಂಜಿನ್‌ನಲ್ಲಿ ಅದು ತೆರೆದೇ ಸಿಕ್ಕಿಕೊಂಡಿದ್ದರೂ ಆಯಿಲ್ ಮುಂದೆ ಹೋಗದೆ ವಾಪಸ್ ಸಂಪ್‌ಗೇ ಬೀಳುತ್ತದೆ.

ಅಡ್ಡಿ ಮುಂದಿದ್ದರೆ, ನಿಜ ಹೇಳಬೇಕೆಂದರೆ, ಅದು ಹೆಚ್ಚಾಗಿ ಕಟ್ಟಿದವರ ಕೈಯದ್ದೇ. ಫಿಲ್ಟರ್ ತಿರುವುಮುರುವಾಗಿ ಕೂತಿರುತ್ತದೆ. ಬ್ಲಾಕ್ ಕೆಳಗಿನ ಪ್ಯಾಕಿಂಗ್‌ನಲ್ಲಿ (ಗ್ಯಾಸ್ಕೆಟ್) ಆಯಿಲ್ ತೂತೇ ಇರುವುದಿಲ್ಲ, ಅಥವಾ ಪ್ಯಾಕಿಂಗ್ ಉಲ್ಟಾ ಕೂತು ತೂತು ಮುಚ್ಚಿರುತ್ತದೆ. ಹೊಸ ಪ್ಯಾಕಿಂಗನ್ನು ಹಳೆಯದರ ಮೇಲಿಟ್ಟು ತೂತು ಎಣಿಸಲು ಒಂದು ನಿಮಿಷ ಸಾಕು.

ನನ್ನದೇ ಒಂದು ಕಥೆ. ಹೆಡ್ ಒಣಗಿತ್ತು, ಪಂಪ್ ಚೆನ್ನಾಗಿತ್ತು. ಎರಡು ಸಂಜೆ ಹುಡುಕಿದೆ. ಕೊನೆಗೆ ಹೆಡ್ ಎತ್ತಿ, ಸ್ಟಡ್ ಪಕ್ಕದ ತೂತಿಗೆ ತೆಳ್ಳನೆ ತಂತಿ ಹಾಕಿ ಎಳೆದಾಗ ಬೂದು ಬಣ್ಣದ ರಬ್ಬರ್ ಎಳೆಯೊಂದು ನಿಧಾನಕ್ಕೆ ಹೊರಗೆ ಬಂತು. ಬೆರಳಿನ ಗೆಣ್ಣಿನಷ್ಟು ಉದ್ದ. ಲೀಕ್ ಆಗಬಾರದು ಅಂತ ನಾನೇ ಧಾರಾಳವಾಗಿ ಬಳಿದ ಸಿಲಿಕಾನ್ ಅದು. ಬಿಗಿ ಮಾಡುವಾಗ ಹೊರಗೆ ಎಷ್ಟು ಉಬ್ಬುತ್ತದೋ ಒಳಗೂ ಅಷ್ಟೇ ಉಬ್ಬುತ್ತದೆ ಅಲ್ವಾ? ಆಯಿಲ್ ತೂತಿನ ಹತ್ತಿರ ಈಗ ನಾನು ಸಿಲಿಕಾನ್ ಟ್ಯೂಬನ್ನೇ ತರುವುದಿಲ್ಲ.

ಕ್ರ್ಯಾಂಕಿನ ಕವಲನ್ನು ಮಾತ್ರ ಎಂಜಿನ್ ಮುಚ್ಚುವ ಮೊದಲೇ ನೋಡಿಕೊಳ್ಳುವುದು ಜಾಣತನ. ಹೊಸ ಕ್ರ್ಯಾಂಕ್ ಪಿನ್ ಪ್ರೆಸ್ ಮಾಡುವಾಗ ಅದರ ಆಯಿಲ್ ತೂತು ಕ್ರ್ಯಾಂಕಿನ ತೂತಿಗೆ ಸರಿಯಾಗಿ ಕೂಡಬೇಕು. ಸ್ವಲ್ಪ ತಿರುಗಿ ಕೂತರೂ ಬಿಗ್ ಎಂಡ್‌ಗೆ, ಅಂದರೆ ಕನೆಕ್ಟಿಂಗ್ ರಾಡ್ ಬುಡದ ಬೇರಿಂಗ್‌ಗೆ, ಆಯಿಲ್ ಇಲ್ಲ. ಆಯಿಲ್ ತುಂಬಿದ ಸಿರಿಂಜನ್ನು ಕ್ರ್ಯಾಂಕಿನ ತುದಿಯ ತೂತಿಗೆ ಒತ್ತಿ ಹಿಡಿದು ನೂಕಿ. ಕನೆಕ್ಟಿಂಗ್ ರಾಡ್ ಬುಡದಲ್ಲಿ ಆಯಿಲ್ ಕಾಣಬೇಕು. ಪಕ್ಕದ ಕವರ್‌ನಿಂದ ಕ್ರ್ಯಾಂಕ್ ತುದಿಗೆ ಆಯಿಲ್ ಹೋಗುವ ಎಂಜಿನ್ ಆದರೆ ಆ ಕವರ್‌ನ ಸಣ್ಣ ಸೀಲ್ ಹೊಸದೇ ಹಾಕಿ. ಅದರ ತುಟಿ ಮಡಚಿಕೊಂಡರೆ ಆಯಿಲ್ ಅಲ್ಲೇ ಸೋರಿಹೋಗುತ್ತದೆ. ಹೆಡ್‌ನಲ್ಲಿ ಆಯಿಲ್ ಚೆನ್ನಾಗಿ ಕಾಣುತ್ತಿದ್ದರೂ ಬಿಗ್ ಎಂಡ್ ಮಾತ್ರ ಸುಡುತ್ತಿರಬಹುದು.

ಆಯಿಲ್‌ಗೆ ಬೇರೆ ಟ್ಯಾಂಕ್ ಇರುವ ಡ್ರೈ ಸಂಪ್ ಗಾಡಿಯಲ್ಲಿ ವಾಪಸ್ ತರುವ ಪಂಪ್ ಬೇರೆಯೇ ಇರುತ್ತದೆ. ಎಂಜಿನ್ ಓಡುವಾಗ ಟ್ಯಾಂಕ್ ಮುಚ್ಚಳ ತೆಗೆದರೆ ವಾಪಸ್ ನಳಿಕೆಯಲ್ಲಿ ಆಯಿಲ್ ಬಿಟ್ಟು ಬಿಟ್ಟು ಬೀಳುವುದು ಕಾಣುತ್ತದೆ. ಕಾಣದೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಕೆಳಗೇ ತುಂಬಿಕೊಳ್ಳುತ್ತಿದೆ.

ಎಲ್ಲ ಸರಿಯಾದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಐಡ್ಲಿಂಗ್‌ಗಿಂತ ತುಸು ಮೇಲೆ ಎರಡು ಮೂರು ನಿಮಿಷ ಬಿಡಿ. ಆಫ್ ಮಾಡಿ, ಆಯಿಲ್ ಇಳಿಯಲು ಸ್ವಲ್ಪ ಹೊತ್ತು ಕೊಟ್ಟು ಮಟ್ಟ ನೋಡಿ, ಕಡಿಮೆಯಾಗಿದ್ದರೆ ಸೇರಿಸಿ. ಮೊದಲ ಸಲ ಇಳಿಸಿದ ಆಯಿಲನ್ನು ಬಟ್ಟೆಯಲ್ಲಿ ಸೋಸಿ ನೋಡಿ. ಬೂದು ರಬ್ಬರ್ ಚೂರು ಸಿಕ್ಕರೆ ಜಾಲರಿಯನ್ನು ಇನ್ನೊಮ್ಮೆ ಬಿಚ್ಚಲೇಬೇಕು.