ಕನ್ನಡಕ ತೆಗೆಸುವ ಆತುರಕ್ಕೆ ಮುನ್ನ ಕಾರ್ನಿಯಾ ಗಟ್ಟಿಯಾಗಲಿ

ಕಾಲೇಜಿಗೆ ಹೋಗುವ ಮಗನ ಕನ್ನಡಕದ ನಂಬರ್ ಆರೆಂಟು ತಿಂಗಳಿಗೊಮ್ಮೆ ಬದಲಾಗುತ್ತಿದೆಯೇ? ಚೀಟಿಯಲ್ಲಿ ‘ಸಿಲಿಂಡರ್’ ಎಂದಿರುವ ಕಡೆ ಅಂಕಿ ಏರುತ್ತಲೇ ಇದೆಯೇ? ಹಾಗಿದ್ದರೆ ಹೊಸ ಗಾಜು ಹಾಕಿಸಿ ಸುಮ್ಮನಾಗಬೇಡಿ. ಮೊಬೈಲ್ ನೋಡಿ ನೋಡಿ ಹೀಗಾಯಿತೆಂದು ಬೈದೂ ಫಲವಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ತೆಳುವಾಗುತ್ತಾ, ಶಂಕುವಿನಂತೆ ಮುಂದಕ್ಕೆ ಉಬ್ಬುತ್ತಿರಬಹುದು. ಇದಕ್ಕೆ ಕೆರಟೋಕೋನಸ್ ಎನ್ನುತ್ತಾರೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ವಯಸ್ಸು ಚಿಕ್ಕದಾದಷ್ಟೂ ವೇಗವಾಗಿ ಬೆಳೆಯುತ್ತದೆ.

ಮನೆಯಲ್ಲೇ ಗಮನಿಸಬಹುದಾದ ಸುಳಿವೊಂದಿದೆ. ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ಹೊತ್ತಿದಾಗ ಒಂದು ಕಣ್ಣು ಮುಚ್ಚಿ ನೋಡಲು ಹೇಳಿ. ಕನ್ನಡಕ ಹಾಕಿದ್ದರೂ ಒಂದೊಂದು ಬಲ್ಬಿನ ಪಕ್ಕದಲ್ಲಿ ಮಸುಕಾದ ಇನ್ನೊಂದು ಬಲ್ಬು ಕಂಡರೆ, ಅಥವಾ ಬೆಳಕು ಒಂದೇ ದಿಕ್ಕಿಗೆ ಬಾಲದಂತೆ ಎಳೆದುಕೊಂಡರೆ ತಪಾಸಣೆ ಮಾಡಿಸಲೇಬೇಕು. ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ನೋಡಿಸಿ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ದೋಷ ವರ್ಷಗಟ್ಟಲೆ ಗೊತ್ತಾಗದೆ ಉಳಿಯುತ್ತದೆ.

ಮೊದಲ ಕೆಲಸ: ಕಣ್ಣುಜ್ಜುವುದನ್ನು ನಿಲ್ಲಿಸಿ

ಇದಕ್ಕೆ ದುಡ್ಡು ಖರ್ಚಿಲ್ಲ, ಆದರೆ ಇದೇ ಅತ್ಯಂತ ಕಷ್ಟದ ಕೆಲಸ. ಅಲರ್ಜಿಯಿಂದ ಕಣ್ಣು ತುರಿಸುವ ಮಕ್ಕಳು ಮುಷ್ಟಿಯ ಗೆಣ್ಣು ಒತ್ತಿ ಕಣ್ಣುಜ್ಜುತ್ತಾರೆ. ಹೀಗೆ ಪದೇ ಪದೇ ಉಜ್ಜುವುದು ದುರ್ಬಲ ಕಾರ್ನಿಯಾಕ್ಕೆ ದೊಡ್ಡ ಪೆಟ್ಟು. ಮಂಡ್ಯದ ಕಡೆ ಕಬ್ಬಿನ ಗದ್ದೆಯ ಧೂಳು, ಆಲೆಮನೆಯ ಹೊಗೆ ತಾಗಿ ಕಣ್ಣು ತುರಿಸಿದರೆ ತಣ್ಣೀರಿನ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲಿಡಿ. ಅಲರ್ಜಿಗೆ ವೈದ್ಯರು ಬರೆದ ಹನಿಯನ್ನೇ ಹಾಕಿ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ, ಪೊರೆ ಎರಡೂ ಬರಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಆಮೇಲೆ ನಕ್ಷೆ

ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಅಥವಾ ನಿಮಗೆ ಹತ್ತಿರದ ಕಣ್ಣಿನ ವೈದ್ಯರಲ್ಲಿ ತೋರಿಸಿ. ಅನುಮಾನ ಬಂದರೆ ಅವರು ಕಾರ್ನಿಯಾ ಟೊಪೋಗ್ರಫಿಗೆ, ಅಂದರೆ ಕಾರ್ನಿಯಾದ ಉಬ್ಬುತಗ್ಗಿನ ನಕ್ಷೆ ತೆಗೆಯುವ ಪರೀಕ್ಷೆಗೆ ಬರೆದುಕೊಡುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಎಷ್ಟು ದಿನ ಮೊದಲೇ ಅದನ್ನು ಬಿಡಬೇಕೆಂದು ಕೇಳಿಕೊಳ್ಳಿ. ಲೆನ್ಸ್ ಒತ್ತಿದ ಕಾರ್ನಿಯಾದ ನಕ್ಷೆ ಸರಿಯಾಗಿ ಬರುವುದಿಲ್ಲ. ಗಲ್ಲ ಊರಿ ಬೆಳಕನ್ನು ನೋಡುತ್ತಾ ಕುಳಿತರೆ ಪರೀಕ್ಷೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ನೋವಿರುವುದಿಲ್ಲ. ನಕ್ಷೆಯಲ್ಲಿ ಹೆಚ್ಚು ಉಬ್ಬಿದ ಭಾಗ ಕೆಂಪಾಗಿ, ಚಪ್ಪಟೆ ಭಾಗ ನೀಲಿಯಾಗಿ ಕಾಣುತ್ತದೆ. ಪಕ್ಕದಲ್ಲೇ ದಪ್ಪದ ಲೆಕ್ಕವೂ ಇರುತ್ತದೆ. ಆರೋಗ್ಯವಂತ ಕಾರ್ನಿಯಾದ ಮಧ್ಯಭಾಗ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪವಿರುತ್ತದೆ.

ಆ ಮುದ್ರಿತ ಹಾಳೆಯನ್ನು ಜೋಪಾನವಾಗಿಡಿ. ಕೆಲವು ತಿಂಗಳ ನಂತರದ ನಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗಲೇ ಉಬ್ಬು ಬೆಳೆಯುತ್ತಿದೆಯೇ, ನಿಂತಿದೆಯೇ ಎಂಬುದು ತಿಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಮಾತ್ರ ವೈದ್ಯರು ಅಷ್ಟು ಕಾಯದೆ ಚಿಕಿತ್ಸೆ ಶುರು ಮಾಡುವುದುಂಟು.

ಲ್ಯಾಸಿಕ್ ಏಕೆ ಬೇಡ?

ಮದುವೆಗೆ ಮುನ್ನ, ನೇಮಕಾತಿಯ ದೈಹಿಕ ಪರೀಕ್ಷೆಗೆ ಮುನ್ನ ಕನ್ನಡಕ ತೆಗೆಸಿಬಿಡೋಣ ಎಂದು ಲೇಸರ್ ಕೇಂದ್ರಕ್ಕೆ ಹೋದಾಗಲೇ ಹಲವರಿಗೆ ಈ ತೊಂದರೆ ಇರುವುದು ಗೊತ್ತಾಗುತ್ತದೆ. ಕನ್ನಡಕ ತೆಗೆಸಲು ಮಾಡುವ ಲೇಸರ್ ಶಸ್ತ್ರಚಿಕಿತ್ಸೆಯಾದ ಲ್ಯಾಸಿಕ್‌ನಲ್ಲಿ ಕಾರ್ನಿಯಾದ ಪದರವೊಂದನ್ನು ಬಿಡಿಸಿ, ಅದರ ಕೆಳಗಿನ ಅಂಗಾಂಶವನ್ನು ಲೇಸರ್‌ನಿಂದ ತೆಗೆಯುತ್ತಾರೆ. ಮೊದಲೇ ತೆಳುವಾದ ಕಾರ್ನಿಯಾ ಇದರಿಂದ ಇನ್ನಷ್ಟು ಬಲಗುಂದಿ ಉಬ್ಬುತ್ತದೆ. ನಿಮಗೆ ಲ್ಯಾಸಿಕ್ ಆಗದು ಎಂದು ವೈದ್ಯರು ಹೇಳಿದರೆ ಅವರು ನಿಮ್ಮ ಕಣ್ಣು ಉಳಿಸಿದರೆಂದೇ ತಿಳಿಯಿರಿ. ಮಾಡುತ್ತೇವೆನ್ನುವ ಇನ್ನೊಂದು ಕೇಂದ್ರವನ್ನು ಹುಡುಕಿಕೊಂಡು ಹೋಗಬೇಡಿ.

ಕ್ರಾಸ್‌ಲಿಂಕಿಂಗ್ ದಿನ

ಉಬ್ಬು ಬೆಳೆಯುತ್ತಿದ್ದರೆ ಅದನ್ನು ತಡೆಯುವ ಚಿಕಿತ್ಸೆಯೇ ಕ್ರಾಸ್‌ಲಿಂಕಿಂಗ್. ಜರ್ಮನಿಯ ಡ್ರೆಸ್ಡನ್‌ನಲ್ಲಿ ರೂಪುಗೊಂಡ ಈ ವಿಧಾನದ ರೋಗಿಗಳ ಮೇಲಿನ ಮೊದಲ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಸಡಿಲವಾದ ನೇಯ್ಗೆಗೆ ಅಡ್ಡ ಎಳೆಗಳನ್ನು ಹಾಕಿ ಬಿಗಿ ಮಾಡಿದಂತೆ, ಕಾರ್ನಿಯಾದ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆಗಳು ಮೂಡುತ್ತವೆ.

ಸಾಮಾನ್ಯವಾಗಿ ಕಣ್ಣನ್ನು ಮರಗಟ್ಟಿಸುವ ಹನಿ ಸಾಕು. ರೆಪ್ಪೆ ಮುಚ್ಚದಂತೆ ಚಿಕ್ಕ ಕ್ಲಿಪ್ ಹಾಕಿ, ಕಾರ್ನಿಯಾದ ತೆಳುವಾದ ಮೇಲ್ಪದರವನ್ನು ಎಂಟೊಂಬತ್ತು ಮಿಲಿಮೀಟರ್ ಅಗಲಕ್ಕೆ ತೆಗೆಯುತ್ತಾರೆ. ಬಳಿಕ ಸುಮಾರು ಅರ್ಧ ಗಂಟೆ ಹಳದಿ ಬಣ್ಣದ ಹನಿಗಳನ್ನು ಬಿಡುತ್ತಾ ಹೋಗುತ್ತಾರೆ. ಅದು ರೈಬೋಫ್ಲಾವಿನ್, ಅಂದರೆ ಬಿ2 ಜೀವಸತ್ವ. ಅದು ಚೆನ್ನಾಗಿ ಇಳಿದ ಮೇಲೆ ಅತಿನೇರಳೆ ಬೆಳಕು ಹಾಯಿಸುತ್ತಾರೆ. ಮೂಲ ವಿಧಾನದಲ್ಲಿ ಇದಕ್ಕೆ 30 ನಿಮಿಷ ಬೇಕು. ಬೆಳಕಿನ ತೀವ್ರತೆ ಹೆಚ್ಚಿಸಿ ಬೇಗ ಮುಗಿಸುವ ವಿಧಾನವೂ ಇದೆ. ಒಳಪದರಕ್ಕೆ ಅಪಾಯವಾಗದಿರಲು ಮೂಲ ವಿಧಾನದಲ್ಲಿ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪವಿರಬೇಕು. ತಡಮಾಡಬಾರದು ಎನ್ನುವುದು ಈ ಕಾರಣಕ್ಕೇ.

ಮೊದಲ ಎರಡು ಮೂರು ದಿನ ನೋವು, ನೀರು ಸುರಿಯುವುದು, ಬೆಳಕು ಚುಚ್ಚುವುದು ಇದ್ದೇ ಇರುತ್ತದೆ. ಮೇಲ್ಪದರ ಬೆಳೆಯುವವರೆಗೆ ಮೃದುವಾದ ಲೆನ್ಸೊಂದನ್ನು ಇಟ್ಟಿರುತ್ತಾರೆ, ನೀವಾಗಿ ಅದನ್ನು ತೆಗೆಯಬೇಡಿ. ವೈದ್ಯರು ಹೇಳುವವರೆಗೆ ತಲೆಗೆ ಸ್ನಾನ, ಕೆರೆ-ನಾಲೆಯ ಈಜು, ಕಬ್ಬಿನ ಸೋಗೆಯ ನಡುವಿನ ಕೆಲಸ ಬೇಡ. ನೋವು ಕಡಿಮೆಯಾಗುವ ಬದಲು ಹೆಚ್ಚಿದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅಂದೇ ಆಸ್ಪತ್ರೆಗೆ ಓಡಿ. ಅದು ಸೋಂಕಿನ ಲಕ್ಷಣವಿರಬಹುದು. ದೃಷ್ಟಿ ಕೆಲವು ವಾರ ಮಂಜಾಗಿದ್ದು, ಸ್ಥಿರವಾಗಲು ತಿಂಗಳುಗಳೇ ಹಿಡಿಯುತ್ತವೆ.

ದೃಷ್ಟಿಯ ಸರದಿ

ಕ್ರಾಸ್‌ಲಿಂಕಿಂಗ್‌ನಿಂದ ಕನ್ನಡಕ ಹೋಗುವುದಿಲ್ಲ. ಅದು ರೋಗವನ್ನು ನಿಲ್ಲಿಸಲು ಮಾತ್ರ. ಸ್ಪಷ್ಟವಾಗಿ ಕಾಣಲು ಕೆಲವರಿಗೆ ಕನ್ನಡಕ ಸಾಕು, ಕೆಲವರಿಗೆ ಗಟ್ಟಿ ಲೆನ್ಸ್ ಅಥವಾ ಬಿಳಿಗುಡ್ಡೆಯ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸ್ ಬೇಕು. ಸಾಕಷ್ಟು ದಪ್ಪ ಉಳಿದಿರುವ ಆಯ್ದ ಕಣ್ಣುಗಳಿಗೆ, ನಕ್ಷೆಯನ್ನು ಆಧರಿಸಿ ಮೇಲ್ಮೈಯ ಏರುತಗ್ಗನ್ನಷ್ಟೇ ತಿದ್ದುವ ಲೇಸರ್ ಚಿಕಿತ್ಸೆಯನ್ನು ಕ್ರಾಸ್‌ಲಿಂಕಿಂಗ್ ಜೊತೆಗೂಡಿಸಿ ಮಾಡುತ್ತಾರೆ. ಇದರಲ್ಲಿ ತೆಗೆಯುವ ಅಂಗಾಂಶ ಸಾಮಾನ್ಯವಾಗಿ 50 ಮೈಕ್ರಾನ್ ಮೀರದಂತೆ ನೋಡಿಕೊಳ್ಳುತ್ತಾರೆ. ನಂಬರ್ ಪೂರ್ತಿ ಇಳಿಸುವುದು ಇದರ ಉದ್ದೇಶವಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ಲೇಸರ್ ನಂತರ ಎಷ್ಟು ಮೈಕ್ರಾನ್ ಉಳಿಯುತ್ತದೆ ಎಂದು ನೇರವಾಗಿ ಕೇಳಿ.

ಚಿಕಿತ್ಸೆಯಾದ ಮೇಲೂ ವೈದ್ಯರು ಹೇಳಿದ ಅವಧಿಗೆ ನಕ್ಷೆ ತೆಗೆಸುತ್ತಿರಬೇಕು, ಮತ್ತೆ ಕಣ್ಣುಜ್ಜಬಾರದು. ಕೆರಟೋಕೋನಸ್ ಕೆಲವು ಕುಟುಂಬಗಳಲ್ಲಿ ಹರಿದು ಬರುವುದರಿಂದ, ಮುಂದಿನ ತಪಾಸಣೆಗೆ ಹೋಗುವಾಗ ಮಗನ ತಮ್ಮ ತಂಗಿಯರನ್ನೂ ಕರೆದೊಯ್ದು ಒಮ್ಮೆ ಟೊಪೋಗ್ರಫಿ ಮಾಡಿಸಿ.